ಶಾಖೆಯ ಹೆಸರೂ ವಿದ್ಯೆಯ ಬೇರೂ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲವೂ ಅದರ ಬೆನ್ನಿಗೇ ಸಿ.ಇ.ಟಿ. ರ‍್ಯಾಂಕುಗಳೂ ಪ್ರಕಟವಾಗುವ ದಿನಗಳಲ್ಲಿ ಈ ಪುಟಕ್ಕೆ ಬರುವ ಓಲೆಗಳು ಹೆಚ್ಚುವುದು ವಾಡಿಕೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಮಗನನ್ನೋ ಮಗಳನ್ನೋ ಕಂಪ್ಯೂಟರ್ ವಿಜ್ಞಾನದ ಬಿ.ಇ. ತರಗತಿಗೆ ಸೇರಿಸಬೇಕೆ, ಅಥವಾ ‘ಕೃತಕ ಬುದ್ಧಿಮತ್ತೆ ಮತ್ತು ಯಂತ್ರಕಲಿಕೆ’ ಎಂದು ಹೊಸದಾಗಿ ಹೆಸರಿಟ್ಟಿರುವ ಶಾಖೆಗೇ ಸೇರಿಸಬೇಕೆ ಎಂಬುದೇ ಆ ವಿಷಯ.

ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುವೆನು. ಮಲೆನಾಡಿನ ಕಡೆಯ ಗೃಹಸ್ಥರೊಬ್ಬರು ಬರೆದಿದ್ದಾರೆ: ಮಗಳಿಗೆ ತನ್ನ ರ‍್ಯಾಂಕಿನ ಬಲದಿಂದಲೇ ಸರ್ಕಾರಿ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಸೀಟು ದೊರೆಯುವಂತಿದೆ. ಆದರೆ ನಂಟರಿಷ್ಟರು, ಬರಿಯ ಕಂಪ್ಯೂಟರ್ ವಿಜ್ಞಾನ ಹಳತಾಯಿತು, ಇನ್ನು ಮುಂದೆ ಎಲ್ಲವೂ ಏ.ಐ. ಎನ್ನುತ್ತಿದ್ದಾರೆ. ದೂರದ ಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಆ ಹೆಸರಿನ ಸೀಟು ಸಿಗುತ್ತದೆ. ಅದಕ್ಕೆ ಬೇಕಾಗುವ ಹಣಕ್ಕೆ ಅಡಕೆ ತೋಟವನ್ನು ಅಡವಿಡಬೇಕು. ಮನೆಯವರೆಲ್ಲ ಒಪ್ಪಿದ್ದಾರೆ, ಮಗಳು ಮಾತ್ರ ಹೌದೆಂದೂ ಹೇಳಳು, ಅಲ್ಲವೆಂದೂ ಹೇಳಳು. ‘ಏನು ಮಾಡತಕ್ಕದ್ದು?’ ಎಂದು ಅವರು ಕೇಳಿದ್ದಾರೆ.

ತೋಟವನ್ನು ಅಡವಿಡತಕ್ಕದ್ದಿಲ್ಲ ಎಂಬುದು ನನ್ನ ಉತ್ತರ. ಕಾರಣಗಳನ್ನು ಹೇಳದೆ ಕೊಟ್ಟ ಉತ್ತರಕ್ಕೆ ಬೆಲೆಯಿಲ್ಲವಾದುದರಿಂದ ಅವನ್ನು ಒಂದೊಂದಾಗಿ ಹೇಳುವೆನು. ನಾನು ಸಂಸ್ಕೃತವನ್ನು ಪಾಠ ಹೇಳಿ ನಿವೃತ್ತನಾದವನು, ಯಂತ್ರಶಾಸ್ತ್ರದಲ್ಲಿ ಪಂಡಿತನಲ್ಲ. ಆದರೆ ಹಳೆಯ ಶಿಷ್ಯರಲ್ಲಿ ಕೆಲವರು ಈಗ ಆ ವಿದ್ಯೆಯನ್ನು ಬೋಧಿಸುತ್ತಿದ್ದಾರೆ. ಅವರಿಂದ ಪಠ್ಯಕ್ರಮವನ್ನೂ ಪುಸ್ತಕಗಳನ್ನೂ ತರಿಸಿಕೊಂಡು ಓದಿದ ಮೇಲೆಯೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಕೃತಕ ಬುದ್ಧಿಮತ್ತೆಯೆಂಬುದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಜಾನ್ ಮೆಕಾರ್ಥಿಯವರೂ ಅವರ ಮೂವರು ಸಂಗಡಿಗರೂ ೧೯೫೫ರಲ್ಲಿ ಬರೆದ ಯೋಜನಾಪತ್ರದಲ್ಲಿ ಆ ಹೆಸರು ಕಾಣಿಸಿಕೊಂಡಿತು. ೧೯೫೬ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಅದೇ ವಿಷಯವನ್ನು ಕುರಿತು ವಿದ್ವಾಂಸರ ಗೋಷ್ಠಿ ನಡೆಯಿತು. ಅಂದಿನಿಂದಲೂ ಅದು ಕಂಪ್ಯೂಟರ್ ವಿಜ್ಞಾನವೆಂಬ ಮರದ ಒಂದು ಕೊಂಬೆಯಾಗಿಯೇ ಬೆಳೆದು ಬಂದಿದೆ. ಪದವಿಗೇ ಆ ಹೆಸರನ್ನಿಡುವ ಪದ್ಧತಿ ಮಾತ್ರ ಹೊಸತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಅಂತಹ ಪದವಿಯನ್ನು ೨೦೧೮ರಲ್ಲಿ ಆರಂಭಿಸಿತು. ನಮ್ಮ ದೇಶದಲ್ಲಿ ಹೈದರಾಬಾದಿನ ಐ.ಐ.ಟಿ.ಯು ೨೦೧೯ರಲ್ಲಿ ಬಿ.ಟೆಕ್. ತರಗತಿಯನ್ನು ತೆರೆಯಿತು. ಅನಂತರದ ವರ್ಷಗಳಲ್ಲಿ ನಮ್ಮ ನಾಡಿನ ಕಾಲೇಜುಗಳೂ ಒಂದರ ಹಿಂದೊಂದು ಆ ಹಲಗೆಯನ್ನು ತೂಗುಹಾಕಿದವು.

ಹಾಗಾದರೆ ಕಂಪ್ಯೂಟರ್ ವಿಜ್ಞಾನವನ್ನು ಓದುವವರಿಗೆ ಈ ವಿದ್ಯೆ ದೊರೆಯುವುದಿಲ್ಲವೆ? ದೊರೆಯುತ್ತದೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ೨೦೧೮ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಕೃತಕ ಬುದ್ಧಿಮತ್ತೆ ಮತ್ತು ಯಂತ್ರಕಲಿಕೆಯ ವಿಷಯವನ್ನು ಏಳನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದರು. ೨೦೨೧ರ ಪಠ್ಯಕ್ರಮದಲ್ಲಿ ಅದು ಐದನೆಯ ಸೆಮಿಸ್ಟರಿಗೆ ಬಂದಿತು. ಹೊಸ ಹೆಸರಿನ ಶಾಖೆಯಲ್ಲಿ ಸಾಮಾನ್ಯವಾಗಿ ಈ ವಿಷಯದ ಪಾಠಗಳು ಕೆಲವು ಹೆಚ್ಚು, ಕಂಪ್ಯೂಟರ್ ವಿಜ್ಞಾನದ ಉಳಿದ ಪಾಠಗಳು ಕೆಲವು ಕಡಮೆ. ಎರಡಕ್ಕೂ ಬುಡದಲ್ಲಿರುವ ಗಣಿತ, ಪ್ರೋಗ್ರಾಮ್ ಬರೆಯುವ ಕಲೆ, ದತ್ತಾಂಶಗಳನ್ನು ಜೋಡಿಸಿಡುವ ಕ್ರಮ, ಲೆಕ್ಕವನ್ನು ಬಿಡಿಸುವ ಕ್ರಮಗಳ ತಾರತಮ್ಯ ಇವು ಒಂದೇ. ಕೊಂಬೆಗಳು ಬೇರೆಯಾದರೂ ನೀರೆರೆಯಬೇಕಾದುದು ಒಂದೇ ಬೇರಿಗೆ.

ಇನ್ನು ಆ ವಿದ್ಯೆಯ ಒಳಗೇನಿದೆಯೆಂಬುದನ್ನು ಸ್ವಲ್ಪ ನೋಡೋಣ. ಇನ್ನೊಬ್ಬ ವಾಚಕರು, ಸಂಸ್ಕೃತವೇ ಕಂಪ್ಯೂಟರಿಗೆ ಅತ್ಯಂತ ತಕ್ಕ ಭಾಷೆಯೆಂದು ಅಮೆರಿಕದ ನಾಸಾ ಸಂಸ್ಥೆ ಹೇಳಿದೆಯಂತೆ, ಆದುದರಿಂದ ಹುಡುಗನಿಗೆ ಸಂಸ್ಕೃತ ಪಾಠ ಹೇಳಿಸಿದರೆ ಈ ಓದು ಸುಲಭವಾದೀತೆ ಎಂದು ಕೇಳಿದ್ದಾರೆ. ಜೀವಮಾನವೆಲ್ಲ ಸಂಸ್ಕೃತವನ್ನೇ ನಂಬಿ ಬಾಳಿದ ನನಗೆ ಹೌದೆನ್ನಲು ಆಸೆಯೇ. ಆದರೆ ಸತ್ಯ ಅಷ್ಟು ದೂರ ಹೋಗುವುದಿಲ್ಲ. ನಾಸಾಕ್ಕೆ ಸೇರಿದ ಸಂಶೋಧನಾ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬ ವಿದ್ವಾಂಸರು ೧೯೮೫ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ನಮ್ಮ ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವ ರೀತಿಗೂ, ಯಂತ್ರದಲ್ಲಿ ಜ್ಞಾನವನ್ನು ಬರೆದಿಡಲು ಅಂದಿನ ವಿಜ್ಞಾನಿಗಳು ಕಂಡುಕೊಂಡ ರೀತಿಗೂ ಹೋಲಿಕೆಯಿದೆಯೆಂದು ಅವರು ತೋರಿಸಿಕೊಟ್ಟರು. ಅದಕ್ಕೂ ಹಿಂದೆ, ೧೯೬೭ರಲ್ಲಿ, ಪೀಟರ್ ಇಂಗರ್ಮನ್ ಎಂಬವರು ಕಂಪ್ಯೂಟರ್ ಭಾಷೆಗಳ ವ್ಯಾಕರಣವನ್ನು ಬರೆಯುವ ಪದ್ಧತಿಯೊಂದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದ್ದರು. ಇವು ನಾವು ಸಂತೋಷಪಡತಕ್ಕ ಸಂಗತಿಗಳೇ ಸರಿ. ಆದರೆ ಇಂದಿನ ಯಂತ್ರಗಳು ಸಂಸ್ಕೃತದಲ್ಲಿ ನಡೆಯುತ್ತಿವೆಯೆಂದಾಗಲಿ, ಸಂಸ್ಕೃತ ಬಲ್ಲವನು ಗಣಿತವನ್ನು ಬಿಡಬಹುದೆಂದಾಗಲಿ ಇದರಿಂದ ಸಿದ್ಧವಾಗುವುದಿಲ್ಲ.

ಆದರೂ ನಮ್ಮ ಶಾಸ್ತ್ರಗಳ ಪರಿಚಯವಿದ್ದರೆ ಈ ವಿದ್ಯೆಯ ಎರಡು ಮಾರ್ಗಗಳು ಚೆನ್ನಾಗಿ ತಿಳಿಯುತ್ತವೆ. ಪಾಣಿನಿಯು ಸುಮಾರು ೪,೦೦೦ ಸೂತ್ರಗಳಲ್ಲಿ ಭಾಷೆಯನ್ನೆಲ್ಲ ಕಟ್ಟಿಹಾಕಿದನು. ಸೂತ್ರವನ್ನು ಕೊಟ್ಟು ರೂಪವನ್ನು ಪಡೆಯುವುದು ಒಂದು ಮಾರ್ಗ. ಆದರೆ ಮಗು ಮಾತು ಕಲಿಯುವುದು ಸೂತ್ರದಿಂದಲ್ಲ. ಹಿರಿಯನು ‘ಹಸುವನ್ನು ತಾ’ ಎನ್ನುತ್ತಾನೆ, ಕಿರಿಯನು ತರುತ್ತಾನೆ. ‘ಹಸುವನ್ನು ಕಟ್ಟು’ ಎನ್ನುತ್ತಾನೆ, ಕಟ್ಟುತ್ತಾನೆ. ‘ಕುದುರೆಯನ್ನು ತಾ’ ಎಂದಾಗ ಬೇರೊಂದು ಪ್ರಾಣಿ ಬರುತ್ತದೆ. ಬದಿಯಲ್ಲಿ ಕುಳಿತ ಮಗು, ಯಾವ ಶಬ್ದ ಸೇರಿದಾಗ ಯಾವ ಅರ್ಥ ಸೇರಿತು, ಯಾವುದನ್ನು ಬಿಟ್ಟಾಗ ಯಾವುದು ಬಿಟ್ಟುಹೋಯಿತು ಎಂಬುದನ್ನು ನೋಡನೋಡುತ್ತ ಪದಗಳ ಅರ್ಥವನ್ನು ತಾನೇ ಬೇರ್ಪಡಿಸಿಕೊಳ್ಳುತ್ತದೆ. ನಮ್ಮ ಶಾಸ್ತ್ರಕಾರರು ಇದನ್ನು ವೃದ್ಧವ್ಯವಹಾರವೆಂದೂ, ಹೀಗೆ ಸೇರಿಸಿ ತೆಗೆದು ನೋಡುವ ಕ್ರಮವನ್ನು ಆವಾಪೋದ್ವಾಪವೆಂದೂ ಕರೆದರು.

ಕೃತಕ ಬುದ್ಧಿಮತ್ತೆಯೂ ಈ ಎರಡು ದಾರಿಗಳನ್ನು ತುಳಿದಿದೆ. ಮೊದಲ ಕೆಲವು ದಶಕಗಳಲ್ಲಿ ಪ್ರಬಲವಾಗಿದ್ದುದು ಸೂತ್ರಮಾರ್ಗ. ತಜ್ಞರ ಜ್ಞಾನವನ್ನು ನಿಯಮಗಳಾಗಿ ಬರೆದು ಯಂತ್ರಕ್ಕೆ ಕೊಡುತ್ತಿದ್ದರು. ಈಗ ಮನೆಮನೆಯಲ್ಲಿಯೂ ಮಾತಾಗಿರುವುದು ಉದಾಹರಣೆಗಳ ಮಾರ್ಗ. ಲೆಕ್ಕವಿಲ್ಲದಷ್ಟು ಬರಹಗಳನ್ನೂ ಚಿತ್ರಗಳನ್ನೂ ಮುಂದಿಟ್ಟು ಯಂತ್ರವೇ ಅವುಗಳೊಳಗಿನ ಸಂಬಂಧವನ್ನು ಹಿಡಿಯುವಂತೆ ಮಾಡುವುದು. ಮಗುವಿಗೆ ಕೆಲವೇ ಹಸುಗಳು ಸಾಕು. ಯಂತ್ರಕ್ಕೆ ಸಾವಿರಾರು ಬೇಕು. ಭೇದ ಅಲ್ಲಿದೆ.

ಇಲ್ಲಿಯೇ ಗಣಿತದ ಅವಶ್ಯಕತೆ ಬರುವುದು. ತಂಬೂರಿಯನ್ನು ಶ್ರುತಿ ಮಾಡುವುದನ್ನು ವಾಚಕರು ನೋಡಿಯೇ ಇರುವಿರಿ. ಬಿರಡೆಯನ್ನು ಕೊಂಚ ತಿರುಗಿಸಿ ಕಿವಿಗೊಟ್ಟು ಕೇಳುತ್ತಾರೆ. ಸ್ವರವು ಶ್ರುತಿಗೆ ಹತ್ತಿರ ಬಂದಿತೆ, ದೂರ ಹೋಯಿತೆ ಎಂದು ತಿಳಿದು ಮತ್ತೆ ಕೊಂಚ ತಿರುಗಿಸುತ್ತಾರೆ. ಯಂತ್ರವನ್ನು ಕಲಿಸುವುದೂ ಇದೇ ಬಗೆ. ಯಂತ್ರವು ಕೊಟ್ಟ ಉತ್ತರಕ್ಕೂ ಸರಿಯಾದ ಉತ್ತರಕ್ಕೂ ಇರುವ ಅಂತರವನ್ನು ಅಳೆದು, ಅದು ಕಡಮೆಯಾಗುವ ಕಡೆಗೆ ಒಳಗಿನ ಸಂಖ್ಯೆಗಳನ್ನು ಕೊಂಚಕೊಂಚವಾಗಿ ತಿದ್ದುತ್ತಾರೆ. ತಂಬೂರಿಗೆ ನಾಲ್ಕು ತಂತಿಗಳಾದುದರಿಂದ ಕಿವಿಯೇ ಸಾಕು. ೨೦೨೦ರಲ್ಲಿ ಪ್ರಕಟವಾದ ಜಿ.ಪಿ.ಟಿ.-೩ ಎಂಬುದರಲ್ಲಿ ಅಂತಹ ಬಿರಡೆಗಳು ೧೭,೫೦೦ ಕೋಟಿ! ಪ್ರತಿಯೊಂದನ್ನೂ ಯಾವ ಕಡೆಗೆ, ಎಷ್ಟು ತಿರುಗಿಸಬೇಕೆಂದು ಒಮ್ಮೆಗೇ ತಿಳಿಸುವುದು ಕಲನಶಾಸ್ತ್ರ. ಅಷ್ಟೊಂದು ಸಂಖ್ಯೆಗಳನ್ನು ಸಾಲುಸಾಲಾಗಿ ಜೋಡಿಸಿ ಗುಣಿಸುವುದು ಮಾತೃಕೆಗಳ ಗಣಿತ. ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಹೇಳುವುದು ಸಂಭವನೀಯತೆಯ ಗಣಿತ. ಹದಿನೆಂಟು ವರ್ಷದ ವಿದ್ಯಾರ್ಥಿಗಳಿಗೆ ಮೊದಲ ಎರಡು ವರ್ಷಗಳಲ್ಲಿ ಬೇಸರ ತರಿಸುವ ಪಾಠಗಳು ಇವೇ. ನಾಲ್ಕನೆಯ ವರ್ಷದಲ್ಲಿ ಕೈಹಿಡಿಯುವವೂ ಇವೇ.

ಗಣಿತದೊಡನೆ ವಿವೇಚನೆಯೂ ಬೇಕು. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬ ತರ್ಕಶಾಸ್ತ್ರದ ಉದಾಹರಣೆಯನ್ನು ಎಲ್ಲರೂ ಬಲ್ಲರು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎಂದರೆ ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಒಲೆಯಲ್ಲಿ ಹೊಗೆಯೇಳುವುದು ಹಸಿ ಸೌದೆಯ ದೆಸೆಯಿಂದ. ಹೀಗೆ ಮರೆಯಲ್ಲಿದ್ದು ನಮ್ಮನ್ನು ಮೋಸಗೊಳಿಸುವ ಕಾರಣಕ್ಕೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟರು. ಯಂತ್ರಕಲಿಕೆಯಲ್ಲಿ ಉಪಾಧಿಯ ಭಯ ಹೆಜ್ಜೆಹೆಜ್ಜೆಗೂ ಉಂಟು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ಕೇಳಿರಿ. ಅವರು ತೋಳವನ್ನೂ ಹಸ್ಕಿ ಎಂಬ ಹಿಮದೇಶದ ನಾಯಿಯನ್ನೂ ಗುರುತಿಸುವಂತೆ ಒಂದು ಯಂತ್ರಕ್ಕೆ ಕಲಿಸಿದರು. ಆದರೆ ಕಲಿಸಲು ಕೊಟ್ಟ ಚಿತ್ರಗಳಲ್ಲಿ ತೋಳದ ಹಿಂದೆಲ್ಲ ಹಿಮ ಕಾಣುವಂತೆ ಬೇಕೆಂದೇ ಆರಿಸಿದ್ದರು. ಯಂತ್ರವು ಪ್ರಾಣಿಯನ್ನು ನೋಡದೆ ಹಿಮವನ್ನೇ ನೋಡಿ ‘ತೋಳ’ ಎನ್ನಲು ಕಲಿಯಿತು. ಆಮೇಲೆ ಅದರ ಉತ್ತರಗಳಲ್ಲಿ ಕೆಲವನ್ನು, ಯಂತ್ರಕಲಿಕೆಯನ್ನು ಪಾಠವಾಗಿ ಓದಿದ್ದ ೨೭ ಮಂದಿ ವಿದ್ಯಾರ್ಥಿಗಳ ಮುಂದಿಟ್ಟು, ಈ ಯಂತ್ರವನ್ನು ನಂಬುವಿರಾ ಎಂದು ಕೇಳಿದರು. ೧೦ ಮಂದಿ ನಂಬುವೆವೆಂದರು. ಯಂತ್ರವು ಚಿತ್ರದ ಯಾವ ಭಾಗವನ್ನು ನೋಡಿ ಉತ್ತರ ಹೇಳಿತೆಂಬುದನ್ನು ತೋರಿಸಿದ ಮೇಲೆ ನಂಬಿದವರು ೩ ಮಂದಿ ಮಾತ್ರ. ಪಾಠವನ್ನು ಓದಿದ್ದವರೇ ಹೀಗೆ ಮೋಸಹೋದರೆಂಬುದನ್ನು ಗಮನಿಸಬೇಕು. ನಾಳೆ ಇಂತಹ ಯಂತ್ರವು ರೋಗಿಯ ಎಕ್ಸ್‌ರೇ ಚಿತ್ರವನ್ನು ನೋಡಿ ತೀರ್ಪು ಹೇಳುವಾಗ, ಅದರ ಹಿಂದೆ ಹಸಿ ಸೌದೆಯೇನಾದರೂ ಇದೆಯೆ ಎಂದು ಕೇಳಬಲ್ಲವಳೊಬ್ಬಳು ಅಲ್ಲಿರಬೇಕು. ಹಾಗೆ ಕೇಳುವ ಬುದ್ಧಿಯನ್ನು ಬೆಳೆಸುವುದೇ ಪದವಿಯ ಓದಿನ ಮುಖ್ಯ ಪ್ರಯೋಜನ.

ನಂಟರಿಷ್ಟರ ‘ಇನ್ನು ಮುಂದೆ ಎಲ್ಲವೂ ಇದೇ’ ಎಂಬ ಮಾತಿಗೆ ಈ ವಿದ್ಯೆಯ ಚರಿತ್ರೆಯೇ ಉತ್ತರ ಹೇಳುತ್ತದೆ. ಮಿದುಳಿನ ನರಗಳನ್ನು ಹೋಲುವ ‘ಪರ್ಸೆಪ್ಟ್ರಾನ್’ ಎಂಬ ಯಂತ್ರವನ್ನು ಫ್ರಾಂಕ್ ರೋಸನ್‌ಬ್ಲಾಟ್ ೧೯೫೮ರಲ್ಲಿ ವಿವರಿಸಿದಾಗ ದೊಡ್ಡ ಆಸೆಗಳು ಹುಟ್ಟಿದವು. ೧೯೬೯ರಲ್ಲಿ ಮಿನ್‌ಸ್ಕಿ ಮತ್ತು ಪೇಪರ್ಟ್ ಎಂಬವರು ಅದರ ಮಿತಿಗಳನ್ನು ಗಣಿತದಿಂದ ತೋರಿಸಿದ ಮೇಲೆ ಆ ಕಡೆಯ ಉತ್ಸಾಹ ತಗ್ಗಿತು. ಇಂಗ್ಲೆಂಡಿನಲ್ಲಿ ೧೯೭೩ರ ಲೈಟ್‌ಹಿಲ್ ವರದಿಯ ಬಳಿಕ ಸರ್ಕಾರದ ನೆರವು ಕಡಮೆಯಾಯಿತು. ೧೯೮೦ರ ದಶಕದಲ್ಲಿ ತಜ್ಞಯಂತ್ರಗಳ ಹೊಸ ಉಬ್ಬರ ಬಂದಿತು. ೧೯೮೨ರಲ್ಲಿ ಜಪಾನ್ ದೇಶವು ಐದನೆಯ ತಲೆಮಾರಿನ ಕಂಪ್ಯೂಟರುಗಳ ಮಹಾಯೋಜನೆಯನ್ನು ತೊಡಗಿತು. ದಶಕವು ಮುಗಿಯುವ ಹೊತ್ತಿಗೆ ಆ ಉಬ್ಬರವೂ ಇಳಿಯಿತು. ಮತ್ತೆ ೨೦೧೨ರಲ್ಲಿ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯೊಂದರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು ಗೆದ್ದ ಮೇಲೆ ನರಜಾಲಗಳ ಮಾರ್ಗ ತಲೆಯೆತ್ತಿತು. ೨೦೧೭ರಲ್ಲಿ ‘ಟ್ರಾನ್ಸ್‌ಫಾರ್ಮರ್’ ಎಂಬ ರಚನೆ ಬಂದಿತು. ೨೦೨೨ರ ನವೆಂಬರಿನಲ್ಲಿ ಚಾಟ್ ಜಿ.ಪಿ.ಟಿ. ಜನರ ಕೈಗೆ ಬಂದಿತು.

ಆ ಟೊರಾಂಟೊ ಪಂಗಡದ ಗುರುಗಳಾದ ಜೆಫ್ರಿ ಹಿಂಟನ್ ಅವರು, ಉಬ್ಬರವಿಳಿದ ಕಾಲದಲ್ಲಿಯೂ ತಮ್ಮ ಮಾರ್ಗವನ್ನು ಬಿಡಲಿಲ್ಲ. ೨೦೨೪ರಲ್ಲಿ ಅವರಿಗೂ ಜಾನ್ ಹಾಪ್‌ಫೀಲ್ಡ್ ಅವರಿಗೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹಿಂಟನ್ ಅವರು ೧೯೭೦ರಲ್ಲಿ ಕೇಂಬ್ರಿಜ್‌ನಲ್ಲಿ ಪಡೆದ ಮೊದಲ ಪದವಿ ಯಾವ ವಿಷಯದಲ್ಲಿ ಎಂದರೆ, ಪ್ರಾಯೋಗಿಕ ಮನಶ್ಶಾಸ್ತ್ರದಲ್ಲಿ. ಹಾಪ್‌ಫೀಲ್ಡ್ ಅವರು ಓದಿದುದು ಭೌತಶಾಸ್ತ್ರವನ್ನು. ಇಬ್ಬರ ಮೊದಲ ಪದವಿಯ ಪತ್ರದಲ್ಲಿಯೂ ಕೃತಕ ಬುದ್ಧಿಮತ್ತೆಯ ಹೆಸರಿರಲಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ೨೦೨೨ರಲ್ಲಿ, ಅಂದರೆ ಈ ಹೆಸರಿನ ಮೋಹ ಏರುತ್ತಿದ್ದ ಕಾಲದಲ್ಲಿಯೇ, ಹೊಸ ಬಿ.ಟೆಕ್. ತರಗತಿಯೊಂದನ್ನು ತೆರೆದಾಗ ಅದಕ್ಕೆ ಇಟ್ಟ ಹೆಸರು ‘ಗಣಿತ ಮತ್ತು ಗಣನೆ’ ಎಂಬ ಅರ್ಥದ್ದು. ಬಲ್ಲವರು ಬೇರನ್ನು ಎಲ್ಲಿ ಹುಡುಕುತ್ತಾರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ಹಾಗೆಂದು ಹೊಸ ಶಾಖೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಖರ್ಚು ಸಮನಾಗಿದ್ದು, ಅಧ್ಯಾಪಕರು ಒಳ್ಳೆಯವರಾಗಿದ್ದು, ಮಗುವಿಗೂ ಅದರಲ್ಲಿಯೇ ಆಸಕ್ತಿಯಿದ್ದರೆ ಧಾರಾಳವಾಗಿ ಸೇರಿಸಬಹುದು. ಆದರೆ ಹಲಗೆಯನ್ನು ನೋಡಿ ಹಣ ಕಟ್ಟುವ ಮೊದಲು ಕಾಲೇಜಿಗೆ ಹೋಗಿ ಕೆಲವು ಪ್ರಶ್ನೆಗಳನ್ನು ಕೇಳತಕ್ಕದ್ದು. ಗಣಿತವನ್ನು ಹೇಳಿಕೊಡುವವರು ಯಾರು? ಈ ವಿಷಯಗಳನ್ನು ಬೋಧಿಸಲು ಕಾಯಂ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ, ಅವರು ಅದರಲ್ಲಿ ಏನನ್ನು ಓದಿದ್ದಾರೆ? ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ತಾವೇ ಪ್ರೋಗ್ರಾಮ್ ಬರೆಯುತ್ತಾರೆಯೊ, ಹಿಂದಿನ ವರ್ಷದ ರೆಕಾರ್ಡ್ ಪುಸ್ತಕವನ್ನು ನಕಲು ಮಾಡುತ್ತಾರೆಯೊ? ಮೂರನೆಯ ವರ್ಷದ ವಿದ್ಯಾರ್ಥಿಗಳಿಬ್ಬರನ್ನು ಹೊರಗೆ ಕಂಡು ವಿಚಾರಿಸಿದರೆ ಸತ್ಯ ತಿಳಿದೀತು. ಕಾಲೇಜಿನಲ್ಲಿ ಸಾಲದೆ ಬಂದ ಪಾಠಗಳನ್ನು ತುಂಬಿಕೊಳ್ಳಲು ಇನ್ನೊಂದು ದಾರಿಯೂ ಉಂಟು. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಎಂಬ ವ್ಯವಸ್ಥೆಯಲ್ಲಿ ದೊಡ್ಡ ಅಧ್ಯಾಪಕರ ಪಾಠಗಳನ್ನು ಯಾರು ಬೇಕಾದರೂ ಹಣವಿಲ್ಲದೆ ಮನೆಯಲ್ಲಿಯೇ ಕುಳಿತು ಕೇಳಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಕ್ಕೆ ಮಾತ್ರ ಶುಲ್ಕ.

ಇನ್ನೊಂದು ಅಪಾಯವನ್ನು ತಾಯಿತಂದೆಗಳಿಗೆ ಹೇಳದೆ ಮುಗಿಸಲಾರೆ. ಕೃತಕ ಬುದ್ಧಿಮತ್ತೆಯನ್ನು ಓದಲು ಹೋದ ವಿದ್ಯಾರ್ಥಿಯ ಓದನ್ನೇ ಅದು ಕಸಿದುಕೊಳ್ಳುವ ಕಾಲ ಇದು. ಅಧ್ಯಾಪಕರು ಕೊಟ್ಟ ಲೆಕ್ಕವನ್ನು ಯಂತ್ರದ ಮುಂದಿಟ್ಟರೆ ಕ್ಷಣಮಾತ್ರದಲ್ಲಿ ಉತ್ತರ ಬರುತ್ತದೆ, ಪ್ರೋಗ್ರಾಮೂ ಬರುತ್ತದೆ, ಅಂಕಗಳೂ ಬರುತ್ತವೆ. ಮಗ್ಗಿಯನ್ನು ಬಾಯಿಪಾಠ ಮಾಡುವ ಮೊದಲೇ ಕೈಗೆ ಕ್ಯಾಲ್ಕುಲೇಟರು ಕೊಟ್ಟ ಹಾಗೆ ಇದು. ಯಂತ್ರವನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಬಳಸದೆ ಆ ವಿದ್ಯೆಯನ್ನು ಕಲಿಯುವುದೂ ಸಾಧ್ಯವಲ್ಲ. ಮೊದಲು ತಾನು ಮಾಡಿ, ತಪ್ಪಿ, ಬಳಿಕ ಅದನ್ನು ಕೇಳುವುದು ಕ್ರಮ. ಮೊದಲೇ ಕೇಳುವುದು ಅಕ್ರಮ. ಇದನ್ನು ಕಾಲೇಜು ಕಾಯಲಾರದು, ಮನೆಯೇ ಕಾಯಬೇಕು. ರಜೆಗೆ ಮಗಳು ಬಂದಾಗ ಒಂದು ರಾತ್ರಿ ಊಟವಾದ ಮೇಲೆ, ‘ಈ ಸಲ ಏನು ಕಲಿತೆ, ನನಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಮ್ಮ’ ಎಂದು ಕೇಳಿ ನೋಡಿರಿ. ಹೇಳಬಲ್ಲಳಾದರೆ ಕಲಿತಿದ್ದಾಳೆ. ಬರಿಯ ಇಂಗ್ಲಿಷ್ ಹೆಸರುಗಳನ್ನು ಸಾಲಾಗಿ ಒಪ್ಪಿಸಿದರೆ, ಇನ್ನೂ ಕಲಿಯಬೇಕಾಗಿದೆ ಎಂದು ತಿಳಿಯಿರಿ. ಈ ಪರೀಕ್ಷೆಗೆ ನಿಮಗೆ ಗಣಿತ ಬರಬೇಕಾದುದಿಲ್ಲ.

ಕನ್ನಡವೆಂದುದು ಸುಮ್ಮನಲ್ಲ. ಯಂತ್ರಗಳು ಓದಿ ಕಲಿಯಲು ಇಂಗ್ಲಿಷಿನಲ್ಲಿರುವಷ್ಟು ಬರಹ ಕನ್ನಡದಲ್ಲಿಲ್ಲ. ‘ಹೋಗಬೇಕಾಗಿತ್ತೆಂದು’ ಎಂಬ ನಮ್ಮ ಒಂದು ಪದದೊಳಗೆ ಎಷ್ಟು ತುಂಡುಗಳು ಸಂಧಿಯಾಗಿ ಬೆಸೆದುಕೊಂಡಿವೆಯೆಂಬುದನ್ನು ಬಿಡಿಸಿ ಕೊಡುವವರು ಬೇಕು. ೧೩ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹಳಗನ್ನಡಕ್ಕೆ ಮಾಡಿದ ಉಪಕಾರಕ್ಕೆ ಸಮನಾದುದನ್ನು ಈಗ ಹೊಸ ಸಾಧನಗಳಿಂದ ಮಾಡಬೇಕಾಗಿದೆ. ಭಾರತದ ಭಾಷೆಗಳಿಗಾಗಿ ಕೇಂದ್ರ ಸರ್ಕಾರವು ೨೦೨೨ರಲ್ಲಿ ಭಾಷಿಣಿಯೆಂಬ ಯೋಜನೆಯನ್ನು ಪ್ರಾರಂಭಿಸಿತು, ಮದರಾಸಿನ ಐ.ಐ.ಟಿ.ಯವರು ೨೨ ಭಾಷೆಗಳ ಅನುವಾದಯಂತ್ರವನ್ನು ೨೦೨೩ರಲ್ಲಿ ಹೊರತಂದರು. ಗಣಿತವನ್ನೂ ಕನ್ನಡವನ್ನೂ ಸಮನಾಗಿ ಬಲ್ಲ ಮಕ್ಕಳಿಗೆ ಅಲ್ಲಿ ಮಾಡುವ ಕೆಲಸ ಬಹಳವಿದೆ.

ಕಡೆಯದಾಗಿ ಮಲೆನಾಡಿನ ಗೃಹಸ್ಥರಿಗೆ ಒಂದು ಮಾತು. ಮಗಳು ಸುಮ್ಮನಿರುವಳೆಂದು ಬರೆದಿರುವಿರಷ್ಟೆ. ಸಾಲದ ಹೊರೆ ತನ್ನ ಹೆಸರಿನಲ್ಲಿ ಮನೆಯ ಮೇಲೆ ಬೀಳುವುದನ್ನು ಕಂಡ ಹೆಣ್ಣುಮಗಳು ಬಾಯಿಬಿಟ್ಟು ಹೇಳಲು ಹಿಂಜರಿಯುವುದು ಸಹಜ. ನಂಟರಿಲ್ಲದ ಹೊತ್ತಿನಲ್ಲಿ ಅವಳನ್ನು ಹತ್ತಿರ ಕೂರಿಸಿಕೊಂಡು, ನಿನಗೆ ಯಾವ ಪಾಠ ಇಷ್ಟ, ಲೆಕ್ಕ ಮಾಡುವಾಗ ಹೊತ್ತು ಹೋದುದು ತಿಳಿಯುವುದಿಲ್ಲವೆ ಎಂದು ಕೇಳಿರಿ. ಹೌದೆಂದಳಾದರೆ, ತನ್ನ ರ‍್ಯಾಂಕಿನಿಂದ ತಾನೇ ಗಳಿಸಿದ ಆ ಸರ್ಕಾರಿ ಸೀಟು ಅವಳಿಗೆ ಯಾವುದರಲ್ಲಿಯೂ ಕಡಮೆಯದಲ್ಲ. ತೋಟದಿಂದ ಬರುವ ಉತ್ಪತ್ತಿಯಲ್ಲಿ ಅವಳಿಗೆ ಒಳ್ಳೆಯದೊಂದು ಕಂಪ್ಯೂಟರನ್ನೂ ಗಣಿತದ ನಾಲ್ಕು ಪುಸ್ತಕಗಳನ್ನೂ ಕೊಂಡು ಕೊಡಿರಿ. ನಾಲ್ಕು ವರ್ಷಗಳ ಬಳಿಕ ಅವಳು ಇನ್ನೂ ಮುಂದಕ್ಕೆ ಓದುವೆನೆಂದರೆ ಆಗ ತೋಟವು ನಿಮ್ಮದಾಗಿಯೇ ಇರುತ್ತದೆ.